ಶಸ್ತ್ರಚಿಕಿತ್ಸೆಗೆ 800, ಕ್ರೌರ್ಯಕ್ಕೆ 50: ಪ್ರಾಣಿದಯಾ ಸಂಸ್ಥೆಗಳ ಹಣ ಎಲ್ಲಿಗೆ ಹೋಗುತ್ತದೆ?

ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ನಾಲ್ಕು ತಿಂಗಳ ಅಂತರದೊಳಗೆ ಮೂರು ಬಗೆಯ ಆದೇಶಗಳನ್ನು ನೀಡಿತು. ದೆಹಲಿ ಮತ್ತು ಸುತ್ತಲಿನ ನಗರಗಳ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿ ಇಡಬೇಕು, ಮತ್ತೆ ಬೀದಿಗೆ ಬಿಡಕೂಡದು ಎಂದು ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದ ಅಥವಾ ತಗುಲಿರಬಹುದಾದ ಮತ್ತು ಆಕ್ರಮಣಕಾರಿ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ಪ್ರಕರಣದ ವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು: ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಶಸ್ತ್ರಚಿಕಿತ್ಸೆಯ ಬಳಿಕವೂ ಅದೇ ಜಾಗಕ್ಕೆ ಬಿಡುವಂತಿಲ್ಲ.

ಓದುಗರಿಗೆ ಹೆಚ್ಚು ಗಲಿಬಿಲಿ ಉಂಟುಮಾಡಿದ್ದು ಆಗಸ್ಟ್ 22ರ ಆದೇಶದಲ್ಲಿದ್ದ ಹಣದ ಮಾತು. ನ್ಯಾಯಾಲಯದ ಮುಂದೆ ಬಂದಿದ್ದ ಪ್ರಾಣಿಪ್ರಿಯರು ತಲಾ 25,000 ರೂಪಾಯಿಯನ್ನೂ ಸಂಸ್ಥೆಗಳು ತಲಾ 2 ಲಕ್ಷ ರೂಪಾಯಿಯನ್ನೂ ಏಳು ದಿನಗಳಲ್ಲಿ ಠೇವಣಿ ಇಡಬೇಕೆಂದು ಪೀಠ ಸೂಚಿಸಿತ್ತು. ಇದನ್ನು ಹಲವರು ದಂಡವೆಂದು ಓದಿಕೊಂಡರು. ಅದು ದಂಡವಲ್ಲ, ಮುಂದೆಯೂ ತಮ್ಮ ವಾದ ಕೇಳಿಸಿಕೊಳ್ಳಬೇಕೆಂದರೆ ಪೂರೈಸಬೇಕಾದ ಷರತ್ತು, ಮತ್ತು ಆ ಹಣ ಸ್ಥಳೀಯ ಸಂಸ್ಥೆಗಳ ಮೂಲಕ ಬೀದಿನಾಯಿಗಳಿಗೆ ಬೇಕಾದ ಸೌಕರ್ಯಗಳಿಗೆ ಬಳಕೆಯಾಗಬೇಕಿತ್ತು. ಆದರೂ ಆ ಸಾಲು ಒಂದು ಹಳೆಯ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು. ಪ್ರಾಣಿದಯಾ ಸಂಸ್ಥೆಗಳಿಗೆ ದೇಣಿಗೆ ಬರುತ್ತದೆ, ಸರ್ಕಾರದ ನೆರವು ಬರುತ್ತದೆ, ನಗರಪಾಲಿಕೆಯ ಗುತ್ತಿಗೆಯೂ ಸಿಗುತ್ತದೆ. ಇಷ್ಟೆಲ್ಲ ಖರ್ಚಾದ ಮೇಲೂ ಬೀದಿಯಲ್ಲಿ ನಾಯಿಗಳೇಕೆ ಕಡಿಮೆಯಾಗುತ್ತಿಲ್ಲ? ಪ್ರಾಣಿಗಳನ್ನು ಹಿಂಸಿಸಿದವರಿಗೆ ಶಿಕ್ಷೆಯಾದದ್ದೇಕೆ ಕೇಳಿಬರುವುದಿಲ್ಲ?

ಎರಡು ಪ್ರಶ್ನೆಗಳಿಗೂ ಉತ್ತರ ಇರುವುದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಅದನ್ನು ಎಣಿಸುವ ಕ್ರಮದಲ್ಲಿ.

ಹಣ ಬರುವ ದಾರಿ, ಹೋಗುವ ದಾರಿ

ಬೀದಿನಾಯಿಗಳ ಸಂತಾನ ನಿಯಂತ್ರಣವು ದಾನಿಗಳ ಔದಾರ್ಯಕ್ಕೆ ಬಿಟ್ಟ ಕೆಲಸವಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಅಡಿಯಲ್ಲಿ ಮೊದಲು 2001ರಲ್ಲಿ, ಬಳಿಕ ಅದರ ಜಾಗದಲ್ಲಿ 2023ರಲ್ಲಿ ರೂಪಿಸಿದ ಪ್ರಾಣಿ ಜನನ ನಿಯಂತ್ರಣ (ಇಂಗ್ಲಿಷಿನಲ್ಲಿ ಎಬಿಸಿ) ನಿಯಮಗಳು ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ಪಾಲಿಕೆ ಅಥವಾ ಪುರಸಭೆ ಸಾಮಾನ್ಯವಾಗಿ ಟೆಂಡರ್ ಕರೆದು, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಗೆ ಕೆಲಸ ವಹಿಸುತ್ತದೆ. ಸಂಸ್ಥೆಯವರು ನಾಯಿಯನ್ನು ಹಿಡಿದು, ಎಬಿಸಿ ಕೇಂದ್ರಕ್ಕೆ ತಂದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗಾಗಿ ಕಿವಿಯ ಅಂಚನ್ನು ಕತ್ತರಿಸಿ, ಗಾಯ ಮಾಯುವವರೆಗೆ ಇಟ್ಟುಕೊಂಡು, ಹಿಡಿದಲ್ಲಿಗೇ ತಂದು ಬಿಡುತ್ತಾರೆ. ಹೊರತೆಗೆದ ಅಂಗಗಳನ್ನು ಎಣಿಸಿ, ಬಿಲ್ಲಿನೊಂದಿಗೆ ತಾಳೆ ಮಾಡಿದ ಮೇಲೆ ನಾಯಿಯೊಂದಕ್ಕೆ ಇಷ್ಟು ಎಂದು ಹಣ ಸಂದಾಯವಾಗುತ್ತದೆ.

ಮಂಡಳಿಯೂ ಒಂದು ಪಾಲು ನೆರವು ಕೊಡುತ್ತದೆ. ಬಹುಕಾಲ ಅದು ನಾಯಿಯೊಂದಕ್ಕೆ 445 ರೂಪಾಯಿಯಷ್ಟೇ ಇತ್ತು: ಶಸ್ತ್ರಚಿಕಿತ್ಸೆ, ಔಷಧ ಮತ್ತು ಆಹಾರಕ್ಕೆ 370, ಹಿಡಿದು ತಂದು ಮರಳಿ ಬಿಡುವುದಕ್ಕೆ 75. ಪರಿಷ್ಕೃತ ಯೋಜನೆಯಲ್ಲಿ ಇದನ್ನು ನಾಯಿಗೆ 800, ಬೆಕ್ಕಿಗೆ 600 ರೂಪಾಯಿಗೆ ಏರಿಸಲಾಗಿದೆ. ವಾಹನ, ಬಲೆ ಹಿಡಿಯುವವರ ಕೂಲಿ, ಅರಿವಳಿಕೆ, ಹೊಲಿಗೆಯ ದಾರ, ಪಶುವೈದ್ಯರ ಸಂಬಳ, ಕೆಲವು ದಿನಗಳ ಗೂಡು ಮತ್ತು ಊಟ ಇವೆಲ್ಲವೂ ಈ ದರದೊಳಗೆ ಹಿಡಿಸದಿದ್ದರೆ ಉಳಿದದ್ದನ್ನು ಪಾಲಿಕೆ ಕೊಡಬೇಕು. ಪಾಲಿಕೆ ಕೊಡದಿದ್ದರೆ ಎರಡೇ ದಾರಿ: ಒಂದೋ ಸಂಸ್ಥೆ ತನ್ನ ದೇಣಿಗೆಯಿಂದ ತುಂಬಿಕೊಳ್ಳುತ್ತದೆ, ಇಲ್ಲವೇ ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯಲ್ಲಿ ಉಳಿತಾಯ ಮಾಡುತ್ತದೆ.

ಮೊದಲ ದಾರಿಯಲ್ಲಿ ದಾನಿಗೆ ಕಾಣದ ಒಂದು ವರ್ಗಾವಣೆ ನಡೆಯುತ್ತದೆ. ಅಪಘಾತಕ್ಕೀಡಾದ ಪ್ರಾಣಿಯ ಚಿಕಿತ್ಸೆಗೆಂದು ಕೊಟ್ಟ ಹಣ ಕಾನೂನಿನ ಪ್ರಕಾರ ಪಾಲಿಕೆ ಭರಿಸಬೇಕಾಗಿದ್ದ ವೆಚ್ಚಕ್ಕೆ ಹೋಗುತ್ತದೆ, ಮತ್ತು ವಾರ್ಷಿಕ ಲೆಕ್ಕಪತ್ರದಲ್ಲಿ ಎರಡೂ ‘ಪ್ರಾಣಿಗಳ ಆರೈಕೆ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಕೊಂಡಿರುತ್ತವೆ. ಇದರಲ್ಲಿ ಅಕ್ರಮವೇನೂ ಇಲ್ಲ. ಆದರೆ ಸಂಸ್ಥೆಯೊಂದು ಇಂತಿಷ್ಟು ಕೋಟಿ ಖರ್ಚು ಮಾಡಿತು ಎಂಬ ಸಾಲಿನಿಂದ ಯಾವ ಕೆಲಸಕ್ಕೆ ಎಷ್ಟು ಹೋಯಿತೆಂಬುದು ತಿಳಿಯುವುದಿಲ್ಲ.

ಸಾವಿರ ಶಸ್ತ್ರಚಿಕಿತ್ಸೆ, ಎರಡು ಫಲಿತಾಂಶ

ನಾಯಿಗಳ ಸಂತಾನ ನಿಯಂತ್ರಣದಲ್ಲಿ ಹಾಕಿದ ಹಣಕ್ಕೆ ತಕ್ಕಷ್ಟು ಫಲ ನೇರವಾಗಿ ದೊರೆಯುವುದಿಲ್ಲ. ಅಲ್ಲೊಂದು ಹೊಸ್ತಿಲಿದೆ. ಒಂದು ಪ್ರದೇಶದ ನಾಯಿಗಳಲ್ಲಿ ಸುಮಾರು ಶೇ 70ರಷ್ಟಕ್ಕೆ, ಮುಂದಿನ ಸಂತಾನದ ಋತು ಬರುವುದರೊಳಗೆ, ಶಸ್ತ್ರಚಿಕಿತ್ಸೆ ಆಗಿರಬೇಕೆಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಗುರಿ. ರೇಬೀಸ್ ಲಸಿಕೆಗೂ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗುರಿ ಶೇ 70.

ಹೊಸ್ತಿಲು ಏಕೆ ಬೇಕೆಂಬುದನ್ನು ಬಿಡಿಸಿ ನೋಡಬೇಕು. ಹೆಣ್ಣು ನಾಯಿಯ ಗರ್ಭಾವಧಿ ಸುಮಾರು 63 ದಿನ, ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಬಹುಪಾಲು ಬೆಳೆಯುವ ಮೊದಲೇ ಸಾಯುತ್ತವೆ. ವಾಹನಕ್ಕೆ ಸಿಕ್ಕಿ, ರೋಗದಿಂದ, ಹಸಿವಿನಿಂದ. ಒಂದು ಬೀದಿಯಲ್ಲಿ ಎಷ್ಟು ನಾಯಿಗಳು ಬದುಕಬಹುದೆಂಬುದನ್ನು ಅಲ್ಲಿ ಸಿಗುವ ಎಂಜಲು, ಕಸ ಮತ್ತು ಜನ ಹಾಕುವ ಅನ್ನ ನಿರ್ಧರಿಸುತ್ತವೆ. ಹೀಗಿರುವಾಗ ಹತ್ತು ಹೆಣ್ಣುಗಳಲ್ಲಿ ಎರಡಕ್ಕೆ ಮಾತ್ರ ಶಸ್ತ್ರಚಿಕಿತ್ಸೆಯಾದರೆ ಉಳಿದ ಎಂಟರ ಮರಿಗಳಿಗೆ ಪೈಪೋಟಿ ತುಸು ಕಡಿಮೆಯಾಗುತ್ತದೆ, ಅವುಗಳಲ್ಲಿ ಬದುಕುಳಿಯುವವು ತುಸು ಹೆಚ್ಚಾಗುತ್ತವೆ. ವರ್ಷದ ಕೊನೆಗೆ ಬೀದಿಯಲ್ಲಿ ಅಷ್ಟೇ ನಾಯಿಗಳು. ಹತ್ತರಲ್ಲಿ ಏಳಕ್ಕೆ ಆದಾಗ ಮಾತ್ರ ಸಾಯುವವುಗಳ ಸಂಖ್ಯೆಯನ್ನು ಹುಟ್ಟುವವು ತುಂಬಿಕೊಡಲಾರವು.

ಒಂದು ಲೆಕ್ಕ ಹಾಕೋಣ. ತಲಾ 500 ನಾಯಿಗಳಿರುವ ಹತ್ತು ವಾರ್ಡುಗಳಿವೆ, 1,000 ಶಸ್ತ್ರಚಿಕಿತ್ಸೆಗೆ ಹಣವಿದೆ. ಎಲ್ಲ ವಾರ್ಡಿಗೂ ಸಮನಾಗಿ ಹಂಚಿದರೆ ವಾರ್ಡಿಗೆ 100ರಂತೆ ಎಲ್ಲೆಡೆ ಶೇ 20 ಆಗುತ್ತದೆ. ಯಾವ ವಾರ್ಡಿನಲ್ಲೂ ಪರಿಣಾಮ ಕಾಣುವುದಿಲ್ಲ. ಅದೇ ಹಣದಲ್ಲಿ ಎರಡು ವಾರ್ಡುಗಳನ್ನು ತಲಾ 350 ಶಸ್ತ್ರಚಿಕಿತ್ಸೆಯಿಂದ ಶೇ 70ಕ್ಕೆ ಮುಟ್ಟಿಸಬಹುದು, ಮೂರನೆಯದನ್ನು ಶೇ 60ರವರೆಗೆ ತರಬಹುದು. ಎರಡೂ ಸಂದರ್ಭಗಳಲ್ಲಿ ಬಿಲ್ ಒಂದೇ, ಎಣಿಸಿದ ಅಂಗಗಳ ಸಂಖ್ಯೆ ಒಂದೇ, ವರದಿಯಲ್ಲಿ ಅಚ್ಚಾಗುವ ಸಾಧನೆಯೂ ಒಂದೇ. ಆದರೆ ಮೊದಲನೆಯದರಲ್ಲಿ ಹಣ ಕರಗಿಹೋಗುತ್ತದೆ. ಉಳಿದ ಏಳು ವಾರ್ಡುಗಳ ಜನರಿಗೆ ‘ನಿಮ್ಮ ಸರದಿ ಬರುವ ವರ್ಷ’ ಎಂದು ಹೇಳುವ ಎದೆಗಾರಿಕೆ ಆಡಳಿತಕ್ಕೆ ಸುಲಭವಾಗಿ ಬರುವುದಿಲ್ಲವಾದ್ದರಿಂದ ಸಮನಾಗಿ ಹಂಚುವ ಕ್ರಮವೇ ಎಲ್ಲೆಡೆ ಗೆಲ್ಲುತ್ತದೆ.

ಒಂದೆಡೆ ಕೇಂದ್ರೀಕರಿಸಿ ಮಾಡಿದರೆ ಫಲವಿದೆ ಎಂಬುದಕ್ಕೆ ಜೈಪುರದ ಉದಾಹರಣೆಯಿದೆ. ಅಲ್ಲಿನ ಸಂಸ್ಥೆಯೊಂದು 1994ರಿಂದ ನಗರದ ಒಂದು ನಿರ್ದಿಷ್ಟ ಭಾಗದಲ್ಲಿ ಎಡೆಬಿಡದೆ ಕೆಲಸ ಮಾಡಿತು. 2002ರ ಕೊನೆಯವರೆಗಿನ ದಾಖಲೆಗಳ ಆಧಾರದ ಮೇಲೆ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿನ ಹೆಣ್ಣು ನಾಯಿಗಳಲ್ಲಿ ಶೇ 65ರಷ್ಟಕ್ಕೆ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆಗಿತ್ತು, ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿದಿತ್ತು, ಆ ಪ್ರದೇಶದಲ್ಲಿ ಮನುಷ್ಯರಲ್ಲಿ ರೇಬೀಸ್ ಪ್ರಕರಣಗಳು ಇಲ್ಲವಾಗಿದ್ದವು. ಎಂಟು ವರ್ಷಗಳ ಸತತ ಕೆಲಸಕ್ಕೆ ಶೇ 28ರ ಇಳಿಕೆ ಎಂದರೆ ಆಶಾದಾಯಕವೂ ಹೌದು, ಇದು ಎಷ್ಟು ನಿಧಾನದ ಕೆಲಸವೆಂಬುದರ ಸೂಚನೆಯೂ ಹೌದು.

ಬೆಂಗಳೂರಿನ ಅಂಕಿಗಳು ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತವೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಮೀಕ್ಷೆಗಳ ಪ್ರಕಾರ ನಗರದ ಬೀದಿನಾಯಿಗಳು 2019ರಲ್ಲಿ ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ. ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ಇದೇ ಅವಧಿಯಲ್ಲಿ ಶೇ 51ರಿಂದ ಶೇ 71ರ ಮೇಲಕ್ಕೆ ಏರಿತು. ಅಂದರೆ ಇಡೀ ನಗರದ ಸರಾಸರಿ ಹೊಸ್ತಿಲು ಮುಟ್ಟುವ ಹೊತ್ತಿಗೆ ನಾಯಿಗಳ ಸಂಖ್ಯೆ ನಾಲ್ಕು ವರ್ಷಗಳಲ್ಲಿ ಶೇ 10ರಷ್ಟು ಇಳಿದಿತ್ತು. ತನ್ನ ಬೀದಿಯಲ್ಲಿ ಹತ್ತು ನಾಯಿಗಳಿದ್ದ ಕಡೆ ಒಂಬತ್ತಾದರೆ ಯಾವ ನಿವಾಸಿಗೂ ಅದು ಗೊತ್ತಾಗುವುದಿಲ್ಲ. ಮೇಲಾಗಿ, ನಗರದ ಸರಾಸರಿ ಎಂಬುದು ವಾರ್ಡಿನ ಸ್ಥಿತಿಯನ್ನು ಮುಚ್ಚಿಡುತ್ತದೆ: ಒಂದು ಬಡಾವಣೆಯಲ್ಲಿ ಶೇ 90, ಪಕ್ಕದ ಹೊಸ ಬಡಾವಣೆಯಲ್ಲಿ ಶೇ 40 ಇದ್ದರೂ ಸರಾಸರಿ ಸಮಾಧಾನಕರವಾಗಿಯೇ ಕಾಣುತ್ತದೆ, ಮರಿಗಳು ಮಾತ್ರ ಎರಡನೆಯ ಕಡೆಯಿಂದ ಬರುತ್ತಲೇ ಇರುತ್ತವೆ.

ಗಂಡಿಗೂ ಹೆಣ್ಣಿಗೂ ಒಂದೇ ದರ

ನಾಯಿಯೊಂದಕ್ಕೆ ಇಷ್ಟು ಎಂದು ಹಣ ಕೊಡುವ ಪದ್ಧತಿಯಲ್ಲಿ ಇನ್ನೊಂದು ತೊಡಕು ಅಡಗಿದೆ. ಗಂಡು ನಾಯಿಯ ಶಸ್ತ್ರಚಿಕಿತ್ಸೆ ಮೇಲುಮೇಲಿನದು, ಬೇಗ ಮುಗಿಯುತ್ತದೆ, ಗಾಯ ಬೇಗ ಮಾಯುತ್ತದೆ. ಹೆಣ್ಣಿನದಕ್ಕೆ ಹೊಟ್ಟೆ ತೆರೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಬೇಕು. ಹೆಚ್ಚು ಅರಿವಳಿಕೆ, ಹೆಚ್ಚು ಸಮಯ, ಹೆಚ್ಚು ದಿನಗಳ ಆರೈಕೆ. ಎರಡಕ್ಕೂ ಒಂದೇ ದರವಾದರೆ ಗಂಡು ನಾಯಿ ಲಾಭದ ಬಾಬತ್ತು, ಹೆಣ್ಣು ನಾಯಿ ನಷ್ಟದ ಬಾಬತ್ತು ಆಗುತ್ತದೆ.

ಆದರೆ ಮುಂದಿನ ವರ್ಷ ಎಷ್ಟು ಮರಿಗಳು ಹುಟ್ಟುತ್ತವೆಂಬುದನ್ನು ನಿರ್ಧರಿಸುವುದು ಹೆಣ್ಣುಗಳ ಸಂಖ್ಯೆ. ಒಂದು ಬಡಾವಣೆಯ ಗಂಡುಗಳಲ್ಲಿ ಬಹುಪಾಲಿಗೆ ಶಸ್ತ್ರಚಿಕಿತ್ಸೆಯಾಗಿ ಕೆಲವೇ ಉಳಿದರೂ ಅಷ್ಟೇ ಸಾಕು, ಸೂಲುಗಳ ಸಂಖ್ಯೆ ಹೆಚ್ಚೇನೂ ಇಳಿಯುವುದಿಲ್ಲ. ಗಂಡುಗಳಿಗೆ ಮಾಡುವುದರಿಂದ ಬೆದೆಯ ಕಾಲದ ಕಾದಾಟ, ಅಲೆದಾಟ ಕಡಿಮೆಯಾಗಬಹುದು, ಅದಕ್ಕೂ ಬೆಲೆಯಿದೆ. ಸಂಖ್ಯೆ ಇಳಿಸುವ ಗುರಿಗೆ ಮಾತ್ರ ಅದು ನೆರವಾಗುವುದು ಅಲ್ಪ. ಹೀಗೆ ದರಪಟ್ಟಿಯೇ ಕೆಲಸ ಮಾಡುವವರನ್ನು ಗುರಿಯಿಂದ ದೂರ ತಳ್ಳುತ್ತದೆ, ಯಾರೂ ಮೋಸ ಮಾಡದಿದ್ದಾಗಲೂ.

ಹಿಡಿಯುವ ಹಂತದಲ್ಲೂ ಇದೇ ನಡೆಯುತ್ತದೆ. ಜನರ ಕೈಯಿಂದ ಅನ್ನ ತಿನ್ನುವ, ಕರೆದರೆ ಬಾಲ ಅಲ್ಲಾಡಿಸುತ್ತ ಬರುವ ನಾಯಿ ಮೊದಲು ಬಲೆಗೆ ಬೀಳುತ್ತದೆ. ವಾಹನದ ಸದ್ದು ಕೇಳಿದರೆ ಮಾಯವಾಗುವ ನಾಯಿ ಕೊನೆಯವರೆಗೂ ಉಳಿಯುತ್ತದೆ, ಮತ್ತು ಅದರ ಮರಿಗಳು ಅದರಂತೆಯೇ ಜನರಿಗೆ ಅಂಜಿ ಬೆಳೆಯುತ್ತವೆ. ಮೊದಲ ಐವತ್ತು ನಾಯಿಗಳನ್ನು ಹಿಡಿಯುವುದಕ್ಕೆ ಹೋಲಿಸಿದರೆ ಕೊನೆಯ ಇಪ್ಪತ್ತನ್ನು ಹಿಡಿಯಲು ಎಷ್ಟೋ ಪಾಲು ಹೆಚ್ಚು ಸಮಯ ಬೇಕು. ದರ ಒಂದೇ ಆಗಿರುವುದರಿಂದ ತಂಡ ಅವುಗಳನ್ನು ಬಿಟ್ಟು ಮುಂದಿನ ಬಡಾವಣೆಗೆ ಹೋಗುತ್ತದೆ. ಹೊಸ್ತಿಲು ದಾಟಿಸಬೇಕಾಗಿದ್ದವು ಆ ಕೊನೆಯ ಇಪ್ಪತ್ತೇ.

ಆಶ್ರಯತಾಣದ ಗಣಿತ

ಹಾಗಾದರೆ ಎಲ್ಲವನ್ನೂ ಹಿಡಿದು ಆಶ್ರಯತಾಣಗಳಲ್ಲಿ ಇಟ್ಟುಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ನಾಯಿ ಕಚ್ಚಿದ ಮಗುವಿನ ತಂದೆತಾಯಿಗೆ ಶೇ 70ರ ಹೊಸ್ತಿಲಿನ ವಿವರಣೆ ಯಾವ ಸಮಾಧಾನವನ್ನೂ ಕೊಡಲಾರದು. 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿಕಡಿತದ ಪ್ರಕರಣಗಳು ದಾಖಲಾಗಿವೆ.

ಇದಕ್ಕೂ ಉತ್ತರ ಹಣದಲ್ಲೇ ಇದೆ. ಬೆಂಗಳೂರಿನ ಪಾಲಿಕೆ 2025ರ ಜುಲೈನಲ್ಲಿ ಬೀದಿನಾಯಿಗಳಿಗೆ ಊಟ ಹಾಕುವ ಯೋಜನೆಯನ್ನು ಮುಂದಿಟ್ಟಾಗ ನಾಯಿಯೊಂದಕ್ಕೆ ದಿನಕ್ಕೆ 22.42 ರೂಪಾಯಿ ಎಂದು ಲೆಕ್ಕ ಹಾಕಿತ್ತು. ಅದರಲ್ಲಿದ್ದ ಕೋಳಿಮಾಂಸದ ತುಂಡುಗಳ ಬಗ್ಗೆ ಆಗ ಸಾಕಷ್ಟು ಹಾಸ್ಯ ನಡೆಯಿತು, ಆದರೆ ಆ ಅಂಕಿಯ ನಿಜವಾದ ಉಪಯೋಗ ಬೇರೆಯೇ ಇದೆ. ವರ್ಷಕ್ಕೆ ಗುಣಿಸಿದರೆ ಅದು ಸುಮಾರು 8,183 ರೂಪಾಯಿ. ಒಂದು ನಾಯಿಗೆ ಒಂದು ವರ್ಷ ಬರೀ ಒಂದು ಹೊತ್ತಿನ ಊಟ ಹಾಕುವ ಹಣದಲ್ಲಿ, ಮಂಡಳಿಯ 800 ರೂಪಾಯಿಯ ನೆರವಿನಂತೆ ಹತ್ತು ಶಸ್ತ್ರಚಿಕಿತ್ಸೆಗಳಿಗೆ ನೆರವು ಕೊಡಬಹುದು. 2019ರ ಜಾನುವಾರು ಗಣತಿಯಲ್ಲಿ ದೇಶದ ಬೀದಿನಾಯಿಗಳು ಸುಮಾರು 1.53 ಕೋಟಿ. ಅಷ್ಟಕ್ಕೂ ಇದೇ ದರದಲ್ಲಿ ಊಟ ಹಾಕುವುದಾದರೆ ವರ್ಷಕ್ಕೆ 12,500 ಕೋಟಿ ರೂಪಾಯಿ ಬೇಕು. ಜಾಗ, ಗೂಡು, ಕಾವಲು, ಔಷಧ, ನೌಕರರ ಸಂಬಳ ಇದರಲ್ಲಿ ಸೇರಿಲ್ಲ.

ಆಶ್ರಯತಾಣದ ಖರ್ಚು ಪ್ರತಿ ವರ್ಷವೂ ಮರುಕಳಿಸುತ್ತದೆ, ಶಸ್ತ್ರಚಿಕಿತ್ಸೆಯ ಖರ್ಚು ಆ ನಾಯಿಯ ಮಟ್ಟಿಗೆ ಒಮ್ಮೆ ಮಾತ್ರ. ಜೊತೆಗೆ, ಒಳಗಿರುವ ನಾಯಿಗಳ ಹೊಟ್ಟೆಗೆ ಮೊದಲು ಹಾಕಲೇಬೇಕಾದ್ದರಿಂದ ಹಣ ಕಡಿಮೆ ಬಿದ್ದ ವರ್ಷ ನಿಲ್ಲುವುದು ಶಸ್ತ್ರಚಿಕಿತ್ಸೆಯೇ. ಆಶ್ರಯತಾಣ ಹೊಂದಿರುವ ಸಂಸ್ಥೆಗಳಲ್ಲಿ ಸಂತಾನ ನಿಯಂತ್ರಣದ ಕೆಲಸ ಮೆಲ್ಲಗೆ ಬಡವಾಗುವುದಕ್ಕೆ ಈ ಒತ್ತಡವೇ ದೊಡ್ಡ ಕಾರಣ.

ಐವತ್ತು ರೂಪಾಯಿಯ ಮೊಕದ್ದಮೆ

ಮೊಕದ್ದಮೆಗಳ ಖರ್ಚು ಇನ್ನೂ ವಿಚಿತ್ರವಾದದ್ದು. 1960ರ ಕಾಯ್ದೆಯ 11ನೇ ಸೆಕ್ಷನ್ ಹೊಡೆಯುವುದು, ಅತಿಯಾಗಿ ಹೊರೆ ಹೇರುವುದು, ಹಸಿವಿನಿಂದ ನರಳಿಸುವುದು, ಕಿರಿದಾದ ಗೂಡಿನಲ್ಲಿಡುವುದು, ಅಂಗಹೀನಗೊಳಿಸುವುದು ಮೊದಲಾದವನ್ನೆಲ್ಲ ಕ್ರೌರ್ಯವೆಂದು ಪಟ್ಟಿ ಮಾಡುತ್ತದೆ. ಮೊದಲ ಬಾರಿಯ ತಪ್ಪಿಗೆ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. 2014ರಲ್ಲಿ ಜಲ್ಲಿಕಟ್ಟು ಕುರಿತ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಶಿಕ್ಷೆ ಸಾಲದೆಂದು ಹೇಳಿ ಕಾನೂನು ತಿದ್ದುವಂತೆ ಸಂಸತ್ತಿಗೆ ಸಲಹೆ ಮಾಡಿತ್ತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತು. ಘೋರ ಕ್ರೌರ್ಯಕ್ಕೆ 50,000ದಿಂದ 75,000 ರೂಪಾಯಿ ದಂಡ, ಒಂದರಿಂದ ಮೂರು ವರ್ಷ ಸೆರೆಯಂಥ ಶಿಕ್ಷೆಗಳು ಅದರಲ್ಲಿದ್ದವು.

ಸಣ್ಣ ಶಿಕ್ಷೆಯಿಂದ ಆಗುವ ಹಾನಿ ದಂಡದ ಮೊತ್ತಕ್ಕಷ್ಟೇ ನಿಲ್ಲುವುದಿಲ್ಲ. ಈ ಸೆಕ್ಷನ್ನಿನ ಬಹುತೇಕ ಅಪರಾಧಗಳು ಅಸಂಜ್ಞೇಯವಾದ್ದರಿಂದ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಕೃತ್ಯ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಕಾಲಮಿತಿ ಮುಗಿಯುತ್ತದೆ. ಹೀಗಾಗಿ ದೂರು ದಾಖಲಾಗುವಂತೆ ನೋಡಿಕೊಳ್ಳುವುದು, ಪಶುವೈದ್ಯರ ಪ್ರಮಾಣಪತ್ರ ತರುವುದು, ಸತ್ತಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸುವುದು, ವಿಚಾರಣೆಯ ದಿನಗಳಂದು ಸಾಕ್ಷಿಗಳನ್ನು ಹಾಜರುಪಡಿಸುವುದು ಇವೆಲ್ಲ ಪ್ರಾಣಿದಯಾ ಸಂಸ್ಥೆಯ ತಲೆಗೇ ಬೀಳುತ್ತವೆ. ಪ್ರಾಣಿಯನ್ನು ಕೊಂದ ಅಥವಾ ಊನಗೊಳಿಸಿದ ಪ್ರಕರಣಗಳಿಗೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಐದು ವರ್ಷಗಳವರೆಗೆ ಸೆರೆ ವಿಧಿಸುತ್ತದೆ, ಆದ್ದರಿಂದಲೇ ವಕೀಲರು ಸಾಧ್ಯವಾದಲ್ಲೆಲ್ಲ ಅದನ್ನು ಸೇರಿಸಲು ಹೆಣಗುತ್ತಾರೆ. ಹಸಿವಿನಿಂದ ನರಳಿಸಿದ್ದು, ಕಟ್ಟಿಹಾಕಿದ್ದು, ಲಾರಿಯಲ್ಲಿ ಒತ್ತೊತ್ತಾಗಿ ತುಂಬಿದ್ದು ಇವಕ್ಕೆ ಉಳಿಯುವುದು 50 ರೂಪಾಯಿಯ ಸೆಕ್ಷನ್ ಮಾತ್ರ.

ಎಲ್ಲಕ್ಕಿಂತ ದೊಡ್ಡ ಖರ್ಚು ವಕೀಲರದಲ್ಲ, ಜಪ್ತಿಯಾದ ಪ್ರಾಣಿಗಳದು. ಲಾರಿಯಿಂದ ಇಳಿಸಿದ ಇಪ್ಪತ್ತು ಎಮ್ಮೆಗಳನ್ನು ಪೊಲೀಸರು ಸಂಸ್ಥೆಯ ಅಥವಾ ಗೋಶಾಲೆಯ ವಶಕ್ಕೆ ಒಪ್ಪಿಸುತ್ತಾರೆ. ಅವು ನ್ಯಾಯಾಲಯದ ಭಾಷೆಯಲ್ಲಿ ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ಸ್ವತ್ತು. ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಮೇವು ಹಾಕದೆ ಇರುವಂತಿಲ್ಲ. ಪ್ರಕರಣ ವರ್ಷಗಟ್ಟಲೆ ಎಳೆದರೆ ಮೇವಿನ ಖರ್ಚೂ ಅಷ್ಟೇ ಕಾಲ. ಈ ಅನ್ಯಾಯವನ್ನು ಸರಿಪಡಿಸಲೆಂದೇ ಜಪ್ತಿಯಾದ ಪ್ರಾಣಿಗಳ ಪಾಲನೆಯ ವೆಚ್ಚವನ್ನು ಆರೋಪಿಯಿಂದ ಭರಿಸಿಕೊಳ್ಳಲು ಅವಕಾಶ ಕೊಡುವ ನಿಯಮಗಳು 2017ರಲ್ಲಿ ಬಂದವು. ನಿಯಮ ಇರುವುದು ಬೇರೆ, ಆದೇಶ ಪಡೆದು ಹಣ ಕೈಗೆ ಬರುವುದು ಬೇರೆ. ನಡುವಿನ ಅವಧಿಗೆ ಸಂಸ್ಥೆಯೇ ಕೈಯಿಂದ ಹಾಕಬೇಕು.

ಇಷ್ಟಾದ ಮೇಲೆ ಆರೋಪಿ ಒಂದು ದಿನ ತಪ್ಪೊಪ್ಪಿಕೊಂಡು 50 ರೂಪಾಯಿ ಕಟ್ಟಿ ಹೋದರೆ ದಾಖಲೆಯಲ್ಲಿ ಅದು ‘ಶಿಕ್ಷೆಯಾದ ಪ್ರಕರಣ’. ಇದನ್ನೇ ಮುಂದಿಟ್ಟು, ಮೊಕದ್ದಮೆಗೆ ಹಾಕುವ ಹಣವನ್ನು ಶಸ್ತ್ರಚಿಕಿತ್ಸೆಗೆ ಹಾಕಬಾರದೇ ಎಂದು ದಾನಿಗಳು ಕೇಳುವುದುಂಟು. ಆ ವಾದದಲ್ಲಿ ಒಂದು ಅಂಶ ತಪ್ಪಿಹೋಗುತ್ತದೆ. ಅಪರಾಧ ಸಾಬೀತಾದಾಗ, ಪ್ರಾಣಿಯನ್ನು ಮಾಲೀಕನಿಗೆ ಮರಳಿಸಿದರೆ ಮತ್ತೆ ಹಿಂಸೆಗೊಳಗಾಗುವ ಸಂಭವವಿದೆ ಎಂದು ಮನವರಿಕೆಯಾದರೆ, ಅದರ ಒಡೆತನವನ್ನೇ ಕಿತ್ತುಕೊಳ್ಳುವ ಅಧಿಕಾರ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ನ್ಯಾಯಾಲಯಕ್ಕಿದೆ. ಸಂಸ್ಥೆಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದರ ಸಾರ್ಥಕತೆ ಇರುವುದು ಆ ಆದೇಶದಲ್ಲಿ, ದಂಡದಲ್ಲಲ್ಲ. ಅಂಥ ಆದೇಶಗಳು ಎಷ್ಟು ಬಂದವೆಂದು ತಮ್ಮ ವಾರ್ಷಿಕ ವರದಿಯಲ್ಲಿ ಬರೆಯುವ ಅಭ್ಯಾಸ ಸಂಸ್ಥೆಗಳಿಗೆ ಇಲ್ಲದಿರುವುದು ಅವರದೇ ಕೊರತೆ.

ಲೆಕ್ಕದ ನಿಯಮಗಳೂ ಮೊಕದ್ದಮೆಗೆ ಅನುಕೂಲವಾಗಿಲ್ಲ. ವಿದೇಶಿ ದೇಣಿಗೆಯ ನಿಯಮಗಳಲ್ಲಿ ಕಾನೂನು ಮತ್ತು ವೃತ್ತಿಪರ ಶುಲ್ಕವನ್ನು ಆಡಳಿತ ವೆಚ್ಚವೆಂದು ಪರಿಗಣಿಸಲಾಗುತ್ತದೆ, ಮತ್ತು ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿತು. ಆ ಶೇ 20ರಲ್ಲೇ ಕಚೇರಿಯ ಬಾಡಿಗೆ, ಲೆಕ್ಕಿಗರ ಸಂಬಳ, ವಕೀಲರ ಶುಲ್ಕ ಎಲ್ಲವೂ ಹಿಡಿಸಬೇಕು. ಕ್ರೌರ್ಯದ ವಿರುದ್ಧ ಹೋರಾಡುವುದೇ ಮುಖ್ಯ ಉದ್ದೇಶವಾಗಿರುವ ಸಂಸ್ಥೆಗೂ ವಕೀಲರ ಶುಲ್ಕ ಉದ್ದೇಶದ ಖರ್ಚೆನಿಸದೆ ಕಚೇರಿಯ ಖರ್ಚೆನಿಸುತ್ತದೆ.

ಬ್ರಿಟನ್ನಿನ ದಾರಿ

ಮೊಕದ್ದಮೆಗೆ ಹಣ ಸುರಿದರೆ ಏನಾಗುತ್ತದೆಂಬುದನ್ನು ಇಂಗ್ಲೆಂಡಿನಲ್ಲಿ ನೋಡಬಹುದು. 1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1840ರಲ್ಲಿ ರಾಜಮನ್ನಣೆ ಪಡೆದ ಆರ್‌ಎಸ್‌ಪಿಸಿಎ ಬಹುಕಾಲದಿಂದ ತಾನೇ ಖಾಸಗಿಯಾಗಿ ಮೊಕದ್ದಮೆ ಹೂಡುತ್ತ ಬಂದ ಪ್ರಾಣಿದಯಾ ಸಂಸ್ಥೆ. ತನಿಖೆ ಅದರದೇ, ವಕೀಲರು ಅದರವರೇ. 2012ರಲ್ಲಿ ನಾಯಿಗಳನ್ನು ಛೂ ಬಿಟ್ಟು ನರಿಗಳನ್ನು ಬೇಟೆಯಾಡಿದ ತಂಡವೊಂದರ ಮೇಲೆ ಹೂಡಿದ ಪ್ರಕರಣದಲ್ಲಿ ಅದು ಗೆದ್ದಿತು, ಆದರೆ ವೆಚ್ಚ ಸುಮಾರು 3.27 ಲಕ್ಷ ಪೌಂಡ್ ಆಗಿತ್ತು. ದಾನಿಗಳ ಹಣವನ್ನು ಇದಕ್ಕಿಂತ ಉತ್ತಮವಾಗಿ ಬಳಸಬಹುದಿತ್ತಲ್ಲವೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲೇ ಎದ್ದಿತು. ಬೇಟೆಯ ಪರವಾಗಿದ್ದವರು ಇದನ್ನು ರಾಜಕೀಯ ಮೊಕದ್ದಮೆ ಎಂದರು, ಸಂಸ್ಥೆಯ ಬೆಂಬಲಿಗರು ಕಾನೂನು ಜಾರಿಯಾಗಬೇಕಾದರೆ ಯಾರಾದರೂ ಖರ್ಚು ಮಾಡಲೇಬೇಕೆಂದರು. 2021ರಲ್ಲಿ ಸಂಸ್ಥೆ, ತನಿಖೆಯನ್ನು ಉಳಿಸಿಕೊಂಡು ಮೊಕದ್ದಮೆ ನಡೆಸುವ ಹೊಣೆಯನ್ನು ಸರ್ಕಾರಿ ಅಭಿಯೋಜಕರಿಗೆ ವರ್ಗಾಯಿಸುವ ಇಂಗಿತ ಪ್ರಕಟಿಸಿತು. ಸ್ಕಾಟ್ಲೆಂಡಿನಲ್ಲಿ ಮೊದಲಿನಿಂದಲೂ ಇರುವುದು ಇದೇ ಕ್ರಮ: ಪ್ರಾಣಿದಯಾ ಸಂಸ್ಥೆ ವರದಿ ಸಲ್ಲಿಸುತ್ತದೆ, ಮೊಕದ್ದಮೆ ಬೇಕೇ ಬೇಡವೇ ಎಂದು ಸರ್ಕಾರಿ ಅಭಿಯೋಜಕರು ತೀರ್ಮಾನಿಸುತ್ತಾರೆ.

ಅಲ್ಲಿಗೂ ಇಲ್ಲಿಗೂ ಇರುವ ಮುಖ್ಯ ವ್ಯತ್ಯಾಸ ಶಿಕ್ಷೆಯದು. 2021ರ ಕಾಯ್ದೆಯೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರಾಣಿಹಿಂಸೆಗೆ ಗರಿಷ್ಠ ಸೆರೆವಾಸವನ್ನು ಆರು ತಿಂಗಳಿಂದ ಐದು ವರ್ಷಕ್ಕೆ ಏರಿಸಿತು. ಅಲ್ಲಿ ದುಬಾರಿ ಮೊಕದ್ದಮೆಯಿಂದ ಗಂಭೀರ ಶಿಕ್ಷೆ ದೊರಕಬಹುದು. ಇಲ್ಲಿ ಮೊಕದ್ದಮೆ ದುಬಾರಿಯಾಗಿಯೇ ಇದೆ, ಶಿಕ್ಷೆ ಅಗ್ಗವಾಗಿದೆ.

ವಾದಗಳು ಎಲ್ಲಿ ಡಿಕ್ಕಿಯಾಗುತ್ತವೆ

ನಿವಾಸಿಗಳ ಸಂಘಟನೆಗಳ ಆಕ್ಷೇಪ ಸರಳವಾಗಿದೆ: ಎರಡು ದಶಕಗಳಿಂದ ಇದೇ ಕಾರ್ಯಕ್ರಮ ನಡೆದಿದೆ, ನಾಯಿಗಳು ಇದ್ದಲ್ಲೇ ಇವೆ, ಆದ್ದರಿಂದ ಕಾರ್ಯಕ್ರಮವೇ ತಪ್ಪು. ಪ್ರಾಣಿದಯಾ ಸಂಸ್ಥೆಗಳ ಉತ್ತರ, ಕಾರ್ಯಕ್ರಮ ಪೂರ್ಣವಾಗಿ ನಡೆದೇ ಇಲ್ಲ ಎಂಬುದು. ಎರಡನೆಯದರಲ್ಲಿ ಹೆಚ್ಚು ಸತ್ಯವಿದೆ, ಆದರೆ ಸಂಸ್ಥೆಗಳು ಅದನ್ನು ಹೇಳುವ ಹೊತ್ತಿಗೆ ತಮ್ಮ ವರದಿಗಳಲ್ಲಿ ಸಾವಿರಾರು ಶಸ್ತ್ರಚಿಕಿತ್ಸೆಗಳ ಸಾಧನೆಯನ್ನು ವರ್ಷವರ್ಷವೂ ಮೆರೆಸಿರುತ್ತವೆ. ಸಾಧನೆ ಅಷ್ಟು ದೊಡ್ಡದಾಗಿದ್ದರೆ ಫಲವೇಕೆ ಕಾಣದು ಎಂಬ ಪ್ರಶ್ನೆ ಅವರೇ ಕೊಟ್ಟ ಅಂಕಿಗಳಿಂದ ಹುಟ್ಟಿದ್ದು.

ಇನ್ನೊಂದು ಆರೋಪ ಹೆಚ್ಚು ಚುಚ್ಚುವಂಥದು. ನಾಯಿಯೊಂದಕ್ಕೆ ಇಷ್ಟು ಎಂದು ಹಣ ಪಡೆಯುವವರಿಗೆ ನಾಯಿಗಳು ಕಡಿಮೆಯಾಗುವುದರಲ್ಲಿ ಆಸಕ್ತಿ ಇರುತ್ತದೆಯೇ ಎಂಬುದು ಆ ಪ್ರಶ್ನೆ. ಉದ್ದೇಶಪೂರ್ವಕವಾಗಿ ಕೆಲಸ ಕೆಡಿಸುತ್ತಾರೆಂದು ಹೇಳಲು ಆಧಾರ ಬೇಕು. ಆದರೆ ಪಾವತಿಯ ಕ್ರಮ ಬದಲಾದರೆ ಈ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ಹಣದ ಒಂದು ಪಾಲನ್ನು ತಡೆಹಿಡಿದು, ವಾರ್ಡಿನಲ್ಲಿ ಸ್ವತಂತ್ರ ತಂಡವೊಂದು ನಡೆದಾಡಿ ಕಿವಿ ಕತ್ತರಿಸಿದ ಹೆಣ್ಣು ನಾಯಿಗಳ ಪ್ರಮಾಣ ಶೇ 70 ದಾಟಿದೆಯೆಂದು ಎಣಿಸಿದ ಮೇಲೆ ಕೊಡುವುದಾದರೆ, ಕೊನೆಯ ಇಪ್ಪತ್ತು ನಾಯಿಗಳನ್ನು ಹಿಡಿಯುವುದು ಸಂಸ್ಥೆಗೂ ಲಾಭವಾಗುತ್ತದೆ.

ಮುಂದೆ ಆಗಬಹುದಾದದ್ದು

ನವೆಂಬರ್ 7ರ ಆದೇಶದ ಮೊದಲ ಪರಿಣಾಮ ಹಣದ ದಿಕ್ಕು ಬದಲಾಗುವುದು. ಶಾಲೆ, ಆಸ್ಪತ್ರೆ, ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಮರಳಿ ಬಿಡುವಂತಿಲ್ಲದ ಕಾರಣ ಅವುಗಳಿಗೆ ಶಾಶ್ವತ ಜಾಗ ಬೇಕು, ಶಾಶ್ವತ ಊಟ ಬೇಕು. ಪಾಲಿಕೆಗಳು ಇದಕ್ಕೆ ಹೊಸ ಹಣ ತೆಗೆದಿಟ್ಟರೆ ಸರಿ. ಇರುವ ಎಬಿಸಿ ಅನುದಾನದಿಂದಲೇ ತೆಗೆದರೆ ಶಸ್ತ್ರಚಿಕಿತ್ಸೆಗಳು ಇಳಿಯುತ್ತವೆ. ಆಸ್ಪತ್ರೆಯ ಆವರಣದಿಂದ ಹೋಗುವ ನಾಯಿಗಳಲ್ಲಿ ಈಗಾಗಲೇ ಶಸ್ತ್ರಚಿಕಿತ್ಸೆಯಾದವೂ ಇರುತ್ತವೆ. ಅನ್ನ ಸಿಗುವ ಆ ಜಾಗ ಖಾಲಿಯಾದರೆ ಸುತ್ತಲಿಂದ ಬೇರೆ ನಾಯಿಗಳು ಬರುತ್ತವೆ, ಅವುಗಳಿಗೆ ಶಸ್ತ್ರಚಿಕಿತ್ಸೆ ಆಗಿರುತ್ತದೆಂಬ ಖಾತರಿ ಇಲ್ಲ. ಆವರಣಕ್ಕೆ ಗೋಡೆ ಕಟ್ಟಿ, ಕಸದ ತೊಟ್ಟಿ ಮುಚ್ಚಿಡುವುದಕ್ಕೂ ಖರ್ಚು ಮಾಡದಿದ್ದರೆ ಹಿಡಿಯುವ ಖರ್ಚು ಪ್ರತಿ ವರ್ಷ ಮರುಕಳಿಸುತ್ತದೆ.

ಎರಡನೆಯದು, ಸಂಸ್ಥೆಗಳ ಪಾತ್ರವೇ ಬದಲಾಗಬಹುದು. ಪರಿಷ್ಕೃತ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಯ ಸೌಕರ್ಯಗಳಿಗಾಗಿ ಸರ್ಕಾರಿ ಪಶು ಆಸ್ಪತ್ರೆಗಳಿಗೆ 2 ಕೋಟಿ ರೂಪಾಯಿವರೆಗೆ ಒಂದು ಬಾರಿಯ ನೆರವಿದೆ. ಅದು ಬಳಕೆಯಾದರೆ ಶಸ್ತ್ರಚಿಕಿತ್ಸೆಯ ಹೊರೆ ಕ್ರಮೇಣ ಸರ್ಕಾರಿ ವೈದ್ಯರತ್ತ ಸರಿದು, ಸಂಸ್ಥೆಗಳು ಹಿಡಿಯುವುದು, ಆರೈಕೆ ಮಾಡುವುದು, ಎಣಿಸುವುದರತ್ತ ತಿರುಗಬಹುದು. ಮೂರನೆಯದು, 2022ರ ಕರಡಿನಂಥ ಕಾನೂನು ಜಾರಿಗೆ ಬಂದರೆ ಮೊಕದ್ದಮೆಗಳು ಹೆಚ್ಚುತ್ತವೆ, ಆಗ ಜಪ್ತಿಯಾಗುವ ಪ್ರಾಣಿಗಳೂ ಹೆಚ್ಚುತ್ತವೆ. ಪಾಲನೆಯ ವೆಚ್ಚವನ್ನು ಯಾರು, ಯಾವಾಗ ಕೊಡಬೇಕೆಂಬುದನ್ನು ಗಟ್ಟಿ ಮಾಡದೆ ಶಿಕ್ಷೆಯನ್ನು ಮಾತ್ರ ಏರಿಸಿದರೆ ಸಂಸ್ಥೆಗಳ ಗೂಡುಗಳು ಮುದ್ದೆಮಾಲಿನಿಂದಲೇ ತುಂಬುತ್ತವೆ.

ಇವೆಲ್ಲಕ್ಕಿಂತ ಬೇಗ ತಿದ್ದಬಹುದಾದ ಸಂಗತಿ ಒಂದಿದೆ, ಅದು ತಿಂಗಳುಗಳ ಲೆಕ್ಕ. ನಮ್ಮ ಬೀದಿನಾಯಿಗಳಿಗೆ ಮಳೆಗಾಲದ ಕೊನೆಯಿಂದ ಬೆದೆಯ ಕಾಲ, ಚಳಿಗಾಲದಲ್ಲಿ ಮರಿಗಳು. ಕಾರ್ತಿಕ ಮಾಸದ ನಾಯಿಗಳು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಣಕಾಸು ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಬಜೆಟ್ ಒಪ್ಪಿಗೆ, ಟೆಂಡರ್, ಮರುಟೆಂಡರ್, ಕಾರ್ಯಾದೇಶ ಎಂದು ಆರು ತಿಂಗಳು ಕಳೆದರೆ ವಾಹನ ಬೀದಿಗಿಳಿಯುವ ಹೊತ್ತಿಗೆ ಹೆಣ್ಣು ನಾಯಿಗಳು ಗಬ್ಬವಾಗಿರುತ್ತವೆ ಅಥವಾ ಮೊಲೆಯೂಡಿಸುತ್ತಿರುತ್ತವೆ. ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ ಅಥವಾ ಮುಂದೂಡಬೇಕಾಗುತ್ತದೆ, ತಂಡ ಗಂಡುಗಳನ್ನು ಹಿಡಿದು ಗುರಿ ಮುಟ್ಟಿಸುತ್ತದೆ, ಮಾರ್ಚ್ ಕೊನೆಗೆ ಬಿಲ್ ಪಾಸಾಗುತ್ತದೆ. ಆ ವೇಳೆಗೆ ಚಳಿಗಾಲದ ಮರಿಗಳು ತಾಯಿಯನ್ನು ಬಿಟ್ಟು ಬೀದಿಯಲ್ಲಿ ಓಡಾಡುತ್ತಿರುತ್ತವೆ. ಎರಡು ವರ್ಷದ ಗುತ್ತಿಗೆಯನ್ನು ಒಮ್ಮೆಗೇ ಕೊಟ್ಟು, ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಐದು ತಿಂಗಳಲ್ಲಿ ಹೆಣ್ಣು ನಾಯಿಗಳನ್ನು ಮೊದಲು ಮುಗಿಸಬೇಕೆಂಬ ಒಂದು ಷರತ್ತನ್ನು ಟೆಂಡರಿಗೆ ಸೇರಿಸುವುದಕ್ಕೆ ಸುಪ್ರೀಂ ಕೋರ್ಟಿನ ಆದೇಶವೂ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಪಾಲಿಕೆಯ ಪಶುಪಾಲನಾ ವಿಭಾಗ ಟೆಂಡರ್ ಕರಡಿನಲ್ಲೇ ಅದನ್ನು ಬರೆಯಬಹುದು.